ಕರಗಿದ ಸಂಡಿಗೆ

ಕರಿಬಸಮ್ಮ ಹಿಟ್ಟಿನ ಗಿರಣಿಯಿಂದ ತಲೆಗೆ ಸೆರಗು ಹೊದ್ದು ಓಡಿ ಬರುವಷ್ಟರಲ್ಲಿ, ಮನೆ ಮುಂದಿನ ಮಂಚದ ಮೇಲೆ ಒಣಗಲು ಹಾಕಿದ್ದ ಅರಳು ಸಂಡಿಗೆಯೆಲ್ಲ ಕರಗಿ ಗಂಜಿಯಾಗಿತ್ತು. ಬೇಸಿಗೆಯ ಮಳೆ, ಸುರಿಯುವಷ್ಟು ಸುರಿದು ಹೋಗಿ, ಆಗಲೇ ಬಿಸಿಲು ಏನೂ ಅರಿಯದವರ ಹಾಗೆ ಬಂದು ನಿಂತಿತ್ತು. ಬೆಳಿಗ್ಗೆ ಎದ್ದು ಕಡೂರಿಗೆ, ಬೀಗರ ಮನೆಗೆ ಹೊರಡಬೇಕು. ಬಸುರಿ ಮಗಳು ದೀಪಶ್ರೀ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ.

"ಬೀದೀಲಿ ಒಬ್ರೂ ಇರ್ಲಿಲ್ವೇನೋ?" ಎಂದಳು, ಅಂಗಡಿಯಿಂದ ಆಗಷ್ಟೇ ಊಟಕ್ಕೆ ಬಂದ ಮಗ ಓಂಕಾರೇಶನಿಗೆ.

"ತಾಳವ್ವ, ನೋಡೇಬಿಡಾಣ," ಎಂದು ಅವನು ಮೊಬೈಲು ತೆಗೆದ. ಬೀದಿಯ ಕಂಬಕ್ಕೆ ಕ್ಯಾಮೆರಾ ಹಾಕಿಸಿದವನೇ ಅವನು. ಈಗ ಎಲ್ಲರೂ ನೆಮ್ಮದಿಯಾಗಿ ಮಲಗುತ್ತಾರೆ ಎಂಬ ಹೆಮ್ಮೆ ಅವನಿಗೆ.

ಕರಿಬಸಮ್ಮನಿಗೆ ನೆನಪಾದದ್ದು ಬೇರೆ. ಅಜ್ಜಂಪುರದ ಈ ಬೀದಿಗೆ ಅವಳು ಸೊಸೆಯಾಗಿ ಬಂದ ಹೊಸದರಲ್ಲಿ, ನಾಲ್ಕು ಹನಿ ಬಿದ್ದರೆ ಸಾಕು, ಒಣಹಾಕಿದ್ದು ಯಾರದ್ದೇ ಇರಲಿ, ಯಾರ ಕೈ ಬಿಡುವಾಗಿತ್ತೋ ಅವರು ತಮ್ಮ ಮನೆಯೊಳಗೆ ಎತ್ತಿಡುತ್ತಿದ್ದರು. ಓಡುವವರಲ್ಲಿ ಎದುರು ಮನೆಯ ತಿಪ್ಪಮ್ಮನೇ ಮೊದಲು. ಗಲಾಟೆ ಶುರುವಾಗುತ್ತಿದ್ದದ್ದು ಮಳೆ ನಿಂತ ಮೇಲೆ: ನಮ್ಮ ಮೆಣಸಿನಕಾಯಿ ಯಾರ ಮನೇಲಿ, ಈ ಲಂಗ ಯಾರ ಮಗಳದ್ದು. ಒಮ್ಮೆ ಈರಭದ್ರಪ್ಪನ ಪಂಚೆ ಇಡೀ ಬೀದಿ ಸುತ್ತಿ ಅವನ ಮನೆ ಸೇರಿತ್ತು. ವಾಪಸು ಕೊಡಲು ಹೋದವರು ಕಾಫಿ ಕುಡಿಯದೆ ಏಳುತ್ತಿರಲಿಲ್ಲ.

ಮೊಬೈಲಿನಲ್ಲಿ ಹನಿ ಬೀಳತೊಡಗಿತು. ತಿಪ್ಪಮ್ಮ ಓಡಿ ಬಂದಳು. ಬಗ್ಗಿ, ಸಂಡಿಗೆ ಹರಡಿದ್ದ ಬಟ್ಟೆಯ ಅಂಚು ಹಿಡಿದಳು. ಹಾಗೇ ನಿಂತಳು. ತಲೆಯೆತ್ತಿ ಕಂಬದ ಕಡೆ ನೋಡಿದಳು. ಆಮೇಲೆ ಬಟ್ಟೆ ಬಿಟ್ಟು, ಕೈಯೆರಡನ್ನೂ ಸೆರಗಿನೊಳಗೆ ಸುತ್ತಿಕೊಂಡು ಹಿಂದಕ್ಕೆ ಹೋದಳು.

"ನೋಡ್ದಾ ಅವ್ರ ಮನಸ್ಸ?" ಎಂದ ಓಂಕಾರೇಶ.

"ಬಾಯ್ಮುಚ್ಚಲೇ ಸಾಕು."

ಹೋದ ತಿಂಗಳು ಮೂಲೆಮನೆ ಸುಮನಾಳ ಸೀರೆಗಳು ನೆನೆಯುತ್ತವೆಂದು ಇದೇ ತಿಪ್ಪಮ್ಮ ಎತ್ತಿಟ್ಟಿದ್ದಳು. ಅವಳು ಮಡಚಿ ತಂದುಕೊಡುವ ಮೊದಲೇ ಕ್ಯಾಮೆರಾದಲ್ಲಿ ಸಿಕ್ಕ ಅವಳ ಫೋಟೊ ಬೀದಿಯವರ ವಾಟ್ಸಾಪಿಗೆ ಬಂದಿತ್ತು: ಸೀರೆ ತಗೊಂಡು ಹೋಗ್ತಿರೋದು ಯಾರು? ವಿಷಯ ತಿಳಿದ ಮೇಲೆ ಸುಮನಾ ಕೈಮುಗಿದು ತಪ್ಪಾಯಿತೆಂದಳು, ಅದು ಬೇರೆ ಮಾತು.

ಕರಿಬಸಮ್ಮ ಬೀದಿ ದಾಟಿದಳು. ತಿಪ್ಪಮ್ಮ ಹೊಸ್ತಿಲ ಬಳಿಯೇ ಕೂತಿದ್ದಳು. ತಲೆಯೆತ್ತಲಿಲ್ಲ.

"ಬಸುರಿ ಹುಡುಗಿ ಆಸೆಪಟ್ಟಿದ್ದು ಕಣೇ. ನನ್ ಜೊತೆ ಕೂತು ನೀನೇ ಇಟ್ಟಿದ್ದಲ್ವಾ ಆ ಸಂಡಿಗೇನ?"

"ಹೂಂ ಕಣಕ್ಕ."

"ಮತ್ತೆ?"

ತಿಪ್ಪಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು.

"ಎತ್ತಿಟ್ಕಂಡ್ರೆ, ನೀನು ಬರೋಗಂಟ ನಾನು ಕಳ್ಳಿ ಕಣಕ್ಕ. ಅಷ್ಟೊತ್ತು ತಡಕಂಡು ಕೂರಕ್ಕೆ ನನ್ ಕೈಲಾಗ್ಲಿಲ್ಲ."