ಎದುರಿನ ಕುರ್ಚಿ

“ನೆಕ್ಸ್ಟ್,” ಎಂದು ಶೈಲೇಶ ಸರ್ ಕೂಗಿದರು. ಬಾಗಿಲು ತಳ್ಳಿಕೊಂಡು ಒಳಗೆ ಬಂದ ನಂದಾ, ಮೇಜಿನ ಆಚೆ ಅವರ ಪಕ್ಕದಲ್ಲಿ ಕೂತವರನ್ನು ನೋಡಿ ಅಲ್ಲೇ ನಿಂತುಬಿಟ್ಟಳು. ಕೈ ತಾನಾಗಿ ಸೆರಗು ಎಳೆಯಲು ತಲೆಯ ಕಡೆ ಹೋಯಿತು. ಸೆರಗೆಲ್ಲಿಂದ ಬರಬೇಕು? ಅವಳು ತೊಟ್ಟಿದ್ದು ಕಾಲೇಜಿನ ಕಪ್ಪು ಕೋಟು.

ಸೊಲ್ಲಾಪುರದ ಆ ಕಾಲೇಜಿನಲ್ಲಿ ಎಂಬಿಎ ಕೊನೆಯ ವರ್ಷದವರಿಗೆ ಅಂದು ಅಣಕು ಸಂದರ್ಶನ. ಕಂಪನಿಗಳು ಬರುವ ಮುಂಚೆ ಹುಡುಗರ ಹೆದರಿಕೆ ಹೋಗಲೆಂದು ಊರಿನ ಇಬ್ಬರು ದೊಡ್ಡವರನ್ನು ಪ್ರಶ್ನೆ ಕೇಳಲು ಕರೆದಿದ್ದರು. ನಂದಾ ಹೋಗಬೇಕಾಗಿದ್ದದ್ದು ಬ್ಯಾಂಕಿನ ಸಾಹೇಬರ ಕೋಣೆಗೆ. ಸಾಹೇಬರು ಕೈಕೊಟ್ಟಿದ್ದರಿಂದ ಕಾಲೇಜಿನವರು ಎಲ್ಲರನ್ನೂ ಈ ಕೋಣೆಗೇ ಅಟ್ಟಿದರು. ಇಲ್ಲಿ ಕೂತವರು ಚಾದರದ ಸಗಟು ವ್ಯಾಪಾರಿ ಶಿವಶರಣಪ್ಪನವರು, ನಂದಾಳ ಗಂಡನ ತಂದೆ.

ಅವರೂ ಸುಮ್ಮನೆ ಬಂದಿರಲಿಲ್ಲ. ಮಗ ಸ್ವಪ್ನಿಲ ಸಕ್ಕರೆ ಕಾರ್ಖಾನೆಯ ನೌಕರಿ ಬಿಟ್ಟು ಅಂಗಡಿಗೆ ಬರಲಾರೆನೆಂದು ಖಡಾಖಂಡಿತವಾಗಿ ಹೇಳಿದ್ದ. ಈ ಹುಡುಗರಲ್ಲೇ ಒಬ್ಬ ಚುರುಕು ಮ್ಯಾನೇಜರನ್ನು ಆರಿಸಿಕೊಂಡು ಬರುತ್ತೇನೆ ಎಂದು ಅವರು ಬೆಳಿಗ್ಗೆ ನಾಷ್ಟಾಕ್ಕೆ ಕೂತಾಗ ಹೇಳಿದ್ದರು. ಚಹಾ ಕೊಡುತ್ತಿದ್ದ ನಂದಾಳಿಗೆ ಸಂಕಟವಾಗಿತ್ತು. ಆ ಕೆಲಸ ತನಗೇ ಬೇಕೆಂದು ಅವಳು ಎರಡು ವರ್ಷದಿಂದ ಆಸೆಪಟ್ಟಿದ್ದಳು, ಬಾಯಿ ಬಿಟ್ಟಿರಲಿಲ್ಲ. ಆ ಮನೆಯಲ್ಲಿ ಸೊಸೆ ಮಾವನ ಎದುರು ಕೂಡುವುದಿಲ್ಲ. ಮಾತೇನಿದ್ದರೂ ಅತ್ತೆಯ ಮೂಲಕ ಹೋಗಬೇಕು, ಅದೂ ಅತ್ತೆಗೆ ನೆನಪಿದ್ದರೆ.

“ನಂದಾ, ಬಸಾ ನಾ,” ಎಂದು ಶೈಲೇಶ ಸರ್ ಮರಾಠಿಯಲ್ಲಿ ಕುರ್ಚಿ ತೋರಿಸಿದರು. ಇವರಿಬ್ಬರ ಸಂಬಂಧ ಅವರಿಗೆ ಗೊತ್ತಿರಲಿಲ್ಲ. ನಿಂತೇ ಇದ್ದರೆ ಆತ್ಮವಿಶ್ವಾಸದ ಮಾರ್ಕು ಹೋಗುತ್ತದೆ ಎಂದೂ ಸೇರಿಸಿದರು. ನಂದಾ ಕುರ್ಚಿಯ ಬೆನ್ನು ಹಿಡಿದುಕೊಂಡಳೇ ಹೊರತು ಕೂಡಲಿಲ್ಲ. ಶಿವಶರಣಪ್ಪನವರು ಕೆಮ್ಮಿದರು, ಕಿಟಕಿ ನೋಡಿದರು. ಬೆಳಗಿನಿಂದ ಹುಡುಗರಿಗೆ ಮರಾಠಿಯಲ್ಲಿ ಬೆವರಿಳಿಸಿದ ಮನುಷ್ಯ. ಈಗ ಮನೆಯ ಕನ್ನಡವೇ ಬಾಯಿಗೆ ಬಂತು.

“ಕೂಡ್ರಿ,” ಅಂದರು.

ಮದುವೆಯಾಗಿ ಬಂದಾಗಿನಿಂದ ಅವರು ಅವಳಿಗೆ ‘ರಿ’ ಹಚ್ಚಿ ಮಾತಾಡಿದ್ದು ಇದೇ ಮೊದಲು. ನಂದಾ ಕೂತಳು, ಕುರ್ಚಿಯ ತುದಿಗೆ. ಶಿವಶರಣಪ್ಪನವರು ಮೇಜಿನ ಮೇಲಿದ್ದ ಅವಳ ಬಯೋಡಾಟಾ ಎತ್ತಿಕೊಂಡರು.

“ಫೈನಾನ್ಸ್ ಇಲ್ಲ, ಮಾರ್ಕೆಟಿಂಗ್ ಇಲ್ಲ. ಜನರಲ್ ಮ್ಯಾನೇಜ್‌ಮೆಂಟ್ ಅಂತ ಅದ. ಬ್ಯಾರೆದ್ದು ಸಿಗಲಿಲ್ಲೇನು?”

“ಸಿಕ್ಕಿತ್ತರಿ. ನಾನ ಬ್ಯಾಡ ಅಂದೆ. ಖರೀದಿ, ಮಾರಾಟ, ಆಳು, ಲೆಕ್ಕ, ಅಂಗಡ್ಯಾಗ ಎಲ್ಲಾ ಒಬ್ಬರ ನೋಡಬೇಕಲ್ರಿ. ಒಂದ ಕಲಿತ್ರ ಹ್ಯಾಂಗ ನಡೀತದ?”

“ಯಾವ ಅಂಗಡ್ಯಾಗ?”

“ನಮ್ಮ ಅಂಗಡ್ಯಾಗರಿ.”

ಶೈಲೇಶ ಸರ್‌ಗೆ ಈಗ ವಿಷಯ ತಿಳಿಯಿತು. ಪಾಪ, ಎದ್ದು ಹೋಗಬೇಕೋ ಕೂತಿರಬೇಕೋ ಗೊತ್ತಾಗದೆ ನೀರು ಕುಡಿದರು.

“ಆ ಅಂಗಡಿ ಒಳಗ ಒಮ್ಮೆರ ಕಾಲ ಇಟ್ಟೀರೇನು?”

“ಇಲ್ರಿ. ಆದ್ರ ಮಧ್ಯಾಹ್ನ ನೀವು ಮಲಗಿದಾಗ ನಿಮ್ಮ ಫೋನ್ ನಾನ ತಗೋತೀನ್ರಿ. ದುಧನಿ ಪೀರಪ್ಪನವರು ಬ್ಯಾಸಗಿ ಬಂದ್ರ ತೆಳ್ಳನ ಚಾದರ ಕೇಳ್ತಾರ. ನಾವು ದಪ್ಪಾವ ಕಳಸ್ತೀವಿ. ಈ ವರ್ಷ ಅವರು ಬ್ಯಾರೆ ಕಡೆ ಹೋದ್ರು.”

ದುಧನಿ ಊರಿನ ಹಳೆಯ ಗಿರಾಕಿ ಪೀರಪ್ಪ ಯಾಕೆ ಕೈಬಿಟ್ಟನೆಂದು ಶಿವಶರಣಪ್ಪನವರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಯಾರದೋ ಚಾಡಿಯೇ ಕಾರಣ ಎಂದು ಇಬ್ಬರು ಮೂವರ ಮೇಲೆ ಮುನಿಸಿಕೊಂಡೂ ಇದ್ದರು.

“ಇದನ್ನ ಮನ್ಯಾಗ ಯಾಕ ಹೇಳಲಿಲ್ಲ?”

“ಹೇಳಿ ಕಳಿಸಿದ್ದೆರಿ. ಅತ್ತಿಯವರು ಮರ್ತಿರಬೇಕು.”

ಶಿವಶರಣಪ್ಪನವರು ಹೊಟ್ಟೆ ಕುಣಿಸಿ ನಕ್ಕರು. ಅಂಥ ನಗುವನ್ನು ನಂದಾ ಇದುವರೆಗೆ ಅಡುಗೆಮನೆಯಲ್ಲಿ ನಿಂತು ಕೇಳಿದ್ದಳಷ್ಟೆ. ಅವಳಿಗೆ ಹೋದ ಜೀವ ಬಂದಂತಾಯಿತು.

“ಸರ್, ನಂದು ಹುಡುಕೋದು ಮುಗೀತು,” ಎಂದು ಅವರು ಶೈಲೇಶ ಸರ್‌ಗೆ ಹೇಳಿ, ಇವಳ ಕಡೆ ತಿರುಗಿದರು. “ಒಂದನೇ ತಾರೀಖಿಗೆ ಅಂಗಡಿಗೆ ಬರ್ರಿ.”

ಎರಡು ವರ್ಷದ ಆಸೆ ಕೈಗೆ ಬಂದಿತ್ತು. ಎದ್ದು ಮಾವನ ಕಾಲಿಗೆ ಬಿದ್ದುಬಿಡಬೇಕು ಎನ್ನುವಷ್ಟು ಖುಷಿಯಾಯಿತು. ಆದರೆ ನಂದಾ ಏಳಲಿಲ್ಲ. ಹಿಂದೆ ಸರಿದು, ಕುರ್ಚಿಗೆ ಬೆನ್ನು ಕೊಟ್ಟು ಸರಿಯಾಗಿ ಕೂತಳು.

“ಪಗಾರ ಏನು ಕೊಡ್ತೀರಿ?”

ಶಿವಶರಣಪ್ಪನವರ ನಗು ಅರ್ಧಕ್ಕೆ ನಿಂತಿತು. “ಅಲ್ಲವ್ವಾ, ಮನಿ ಮಂದಿಗೆ ಯಾರರ ಪಗಾರ ಕೊಡ್ತಾರೇನು?”

“ಮನಿ ಮಂದಿಗೆ ಯಾರರ ಇಂಟರ್‌ವ್ಯೂ ಮಾಡ್ತಾರೇನ್ರಿ, ಮಾವಾರ?”

ಶಿವಶರಣಪ್ಪನವರು, ಅಂಗಡಿಗೆ ಗಟ್ಟಿ ಗಿರಾಕಿ ಬಂದಾಗ ಮಾಡುವಂತೆ, ಟೋಪಿ ತೆಗೆದು ಮೇಜಿನ ಮೇಲಿಟ್ಟು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ಹೇಳ್ರಿ,” ಅಂದರು, “ನೀವು ಎಷ್ಟಂತೀರಿ?”