ಮೂರನೇ ಜ್ವರದ ದಿನ

ರೂಪ ತೆಳು ಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿಕೊಂಡು ತೇವ ಆರಲೆಂದು ರೇಷ್ಮೆ ಹುಳದ ತಟ್ಟೆಗಳ ಮೇಲೆ ಉದುರಿಸುತ್ತಿದ್ದಳು. ಐದನೇ ತಟ್ಟೆಗೆ ಬರುವ ಹೊತ್ತಿಗೆ ಕೈ ನಿಂತಿತು. ಕೆಳಗಿನ ಸಾಲಿನ ಎರಡು ತಟ್ಟೆಗಳ ತುಂಬ ಹಿಪ್ಪುನೇರಳೆ ಎಲೆ. ಸ್ವಲ್ಪ ಹೊತ್ತಿನ ಮುಂಚೆ ಅಲ್ಲಿ ಒಂದೂ ಇರಲಿಲ್ಲ. ಪಕ್ಕದಲ್ಲಿ ಮಗಳು ಸಂಘಮಿತ್ರ ನಿಂತಿದ್ದಳು. ಊರಿಗೆ ಹೋಗಲೆಂದು ಹಾಕಿದ್ದ ಹಳದಿ ಫ್ರಾಕು, ಎಡಬಲ ಅದಲುಬದಲಾದ ಚಪ್ಪಲಿ, ಮುಷ್ಟಿಯಲ್ಲಿ ಇನ್ನೂ ಎರಡು ಎಲೆ. ನಿನ್ನೆ ಉಳಿದ ಸೊಪ್ಪನ್ನು ಒದ್ದೆ ಗೋಣಿಯ ಕೆಳಗೆ ಇಟ್ಟಿದ್ದು ಅವಳ ಕಣ್ಣಿಗೆ ಬಿದ್ದಿತ್ತು.

ಹುಳ ಮೂರನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಆ ಒಂದು ದಿನ ಅವು ತಲೆ ಎತ್ತಿಕೊಂಡು, ಅಲ್ಲಾಡದೆ, ನಿದ್ದೆ ಹೋದಂತೆ ಇರುತ್ತವೆ. ಆಗ ಸೊಪ್ಪು ಹಾಕುವಂತಿಲ್ಲ. ಹಾಕಿದರೆ ಮೊದಲು ಎದ್ದವು ತಿಂದು ಬೆಳೆಯುತ್ತವೆ, ಮಿಕ್ಕವು ಹಿಂದೆ ಬೀಳುತ್ತವೆ, ಗೂಡು ಒಂದೇ ಸಮ ಬರುವುದಿಲ್ಲ. ಹಾಗಾಗಿ ಸಾದಲಿಯ ಈ ಮನೆಯಲ್ಲಿ ಹುಳಕ್ಕೆ ಜ್ವರ ಅಂದರೆ ರೂಪಳಿಗೆ ರಜ. ಹೋದ ಬೆಳೆಯ ಮೂರನೇ ಜ್ವರಕ್ಕೆ ಮಗಳನ್ನು ಕೆರೆ ಏರಿಗೆ ಕರೆದೊಯ್ದಿದ್ದಳು. ನಾಲ್ಕನೆಯದಕ್ಕೆ ಸ್ಕಂದಗಿರಿಯ ಬುಡದಲ್ಲಿರುವ ತವರಿಗೆ. ಅಲ್ಲಿ ಕೋಲೂರಿಕೊಂಡು ಬೆಟ್ಟ ಇಳಿಯುತ್ತಿದ್ದ ಬೆಂಗಳೂರಿನ ಹುಡುಗರನ್ನು ನೋಡಿ ಮಗು "ಅಜ್ಜಿ, ಅಜ್ಜಿ" ಎಂದು ಬೆರಳು ತೋರಿಸಿತ್ತು. ಇವತ್ತು ಶಿಡ್ಲಘಟ್ಟಕ್ಕೆ, ರೈಲು ನೋಡಲು.

"ಬಸ್ಸು ಹೋಯ್ತು ಅಂತ ತಿಳ್ಕೋ," ಎಂದರು ಅತ್ತೆ ಆಂಜಿನಮ್ಮ, ಕೋಲೂರಿಕೊಂಡು ಬಾಗಿಲಿಗೆ ಬಂದು. "ಒಂದೊಂದೇ ಎಲೆ ಎತ್ತಬೇಕು ಈಗ. ಹುಳ ಅಲುಗಬಾರ್ದು."

"ಎತ್ತೋಣ ಬಿಡಿ ಅತ್ತಮ್ಮ. ಹನ್ನೆರಡಕ್ಕೆ ಇನ್ನೊಂದು ಬಸ್ಸಿದೆ."

"ಒಂದ್ಸಲ ಆದ್ರೂ ಬಯ್ಯೇ ಅವಳನ್ನ."

"ನೀವೇ ಬಯ್ಯಿರಿ."

"ನನ್ಗೆ ಬರಲ್ಲಮ್ಮ. ನಿನ್ನ ಗಂಡನ್ನ ಒಂದಿನಾನೂ ಬಯ್ದಿಲ್ಲ. ಅದಕ್ಕೇ ಅವನು ಹಂಗಾಗಿರೋದು."

ರೂಪ ನಗುತ್ತ ಮಗಳ ಮುಂದೆ ಕುಳಿತು ಚಪ್ಪಲಿ ಸರಿಮಾಡಿದಳು. "ಯಾಕೆ ಹಾಕ್ದೆ ಮಿತ್ತು? ಹುಳಕ್ಕೆ ಹಸಿವು ಅಂತ..." ಎನ್ನುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡಳು. ಮುಂದಿನ ತಿಂಗಳು ಮಗುವಿಗೆ ಮೂರು ತುಂಬುತ್ತದೆ. ಬೇಕು, ಬೇಡ, ನೀರು, ರೈಲು, ಅಜ್ಜಿ ಬೀಡಾ ಕೊಡಲ್ಲ, ಎಲ್ಲ ಹೇಳುತ್ತಾಳೆ. ಆದರೆ ಇದುವರೆಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಚಿಕ್ಕಬಳ್ಳಾಪುರದ ಮಕ್ಕಳ ಡಾಕ್ಟರು ಮಗುವಿನ ಕಿವಿ ನೋಡಿ, ಆಟ ನೋಡಿ, ಕೊನೆಗೆ ರೂಪಳನ್ನೇ ನೋಡಿದ್ದರು. "ಅವಳ ಬಾಯಿಗೆ ಬರೋ ಮೊದಲೇ ನೀವು ಹೇಳಿ ಮುಗಿಸ್ತೀರಮ್ಮ. ಸ್ವಲ್ಪ ಕಾಯಿರಿ. ಮೂರು ತುಂಬಿದ ಮೇಲೂ ಕೇಳದೇ ಇದ್ರೆ ಬೆಂಗಳೂರಿಗೆ ಬರೆದು ಕೊಡ್ತೀನಿ, ತೋರಿಸಿ." ಅಂದಿನಿಂದ ರೂಪ ಮಗಳ ಮುಖ ನೋಡುತ್ತ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವುದನ್ನು ರೂಢಿ ಮಾಡಿಕೊಂಡಿದ್ದಳು. ಎಮ್ಮೆ ಎದುರಿಗೆ ಎಣಿಸಿದ್ದಳು, ಕೆರೆಯ ಕೊಕ್ಕರೆ ಎದುರಿಗೆ, ಮೋಡದ ಎದುರಿಗೆ. ಪ್ರತಿ ಸಲವೂ ಹತ್ತು ಮುಗಿದಿತ್ತು, ಮಗು ಸುಮ್ಮನೆ ಅವಳ ಕೈ ಹಿಡಿದು ಮುಂದಕ್ಕೆ ಎಳೆದಿತ್ತು.

ಎಲೆ ಎತ್ತುವ ಕೆಲಸ ನಿಧಾನವಾಗಿ ಸಾಗಿತು. ರೂಪ ತೊಟ್ಟು ಹಿಡಿದು ಒಂದೊಂದನ್ನೇ ಎತ್ತಿ ಕೊಟ್ಟಳು. ಮಗು ಎರಡೂ ಕೈಯಲ್ಲಿ ತೆಗೆದುಕೊಂಡು ಬುಟ್ಟಿಗೆ ಹಾಕಿತು, ಪ್ರತಿ ಸಲ ಬುಟ್ಟಿಯೊಳಗೆ ಬಗ್ಗಿ ನೋಡಿ. ಹೆಂಚಿನ ಸಂದಿಯಿಂದ ಬಿಸಿಲು ಬೀಳುತ್ತಿತ್ತು. ಬಸ್ಸು ಹಾರನ್ ಹೊಡೆದುಕೊಂಡು ಹೋದದ್ದು ಕೇಳಿಸಿತು. ಯಾರೂ ತಲೆ ಎತ್ತಲಿಲ್ಲ.

"ಆ ಡಾಕ್ಟರಿಗೇನು ಗೊತ್ತು," ಎಂದರು ಆಂಜಿನಮ್ಮ ಹೊಸ್ತಿಲ ಮೇಲೆ ಕೂತು. "ಎಂಥ ಜಾಣೆ ಇದು. ಬೆಳಗ್ಗೆ ನೀನು ಸೊಪ್ಪಿಗೆ ಹೋದ ತಕ್ಷಣ ಏಳುತ್ತೆ. ಅಳಲ್ಲ, ಕರೆಯಲ್ಲ. ಬಾಗಿಲ ಹತ್ರ ಹೋಗಿ ಕೂತ್ಕೊಳ್ಳುತ್ತೆ, ನೀನು ಬರೋವರ್ಗೂ."

"ದಿನಾನಾ?"

"ದಿನಾ. ಬಾ ಬಂಗಾರು ಅಂದ್ರೂ ನನ್ನತ್ರ ಬರಲ್ಲ."

ಸೊಪ್ಪಿನ ಹೊರೆ ಹೊತ್ತು ಬಂದಾಗ ಬಾಗಿಲಲ್ಲಿ ಕೂತಿರುತ್ತಿದ್ದ ಮಗಳನ್ನು ರೂಪ ಆಗಷ್ಟೇ ಎದ್ದು ಬಂದವಳು ಎಂದುಕೊಂಡಿದ್ದಳು. ಕೊನೆಯ ಎಲೆ ಎತ್ತಿದಳು. ಅದರ ಕೆಳಗೆ ಹುಳಗಳು ಹಾಗೇ ಇದ್ದವು, ತಲೆ ಮೇಲೆ ಮಾಡಿಕೊಂಡು. ಉಳಿದ ಸುಣ್ಣ ಉದುರಿಸಿ, ಕೈ ಒರೆಸಿಕೊಂಡು, "ಆಯ್ತು ನಮ್ಮಮ್ಮ, ಬಾ, ರೈಲು ನೋಡೋಣ," ಎಂದಳು.

ಮಗು ಬರಲಿಲ್ಲ. ತಟ್ಟೆ ನೋಡಿತು, ಬಾಗಿಲು ನೋಡಿತು, ತಾಯಿಯನ್ನು ನೋಡಿತು. ತುಟಿ ಸಣ್ಣಗೆ ಅಲುಗಿತು. ರೂಪ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಎಣಿಸತೊಡಗಿದಳು. ಹತ್ತಾಯಿತು. ಆಂಜಿನಮ್ಮ ಬಾಯಿ ತೆರೆದರು. ರೂಪ ಅವರ ಕಡೆ ನೋಡದೆಯೇ ಬೇಡ ಎಂದು ಕೈ ಎತ್ತಿದಳು. ಹನ್ನೆರಡು. ಹದಿನೈದು. ಎಣಿಕೆ ಎಲ್ಲೋ ತಪ್ಪಿಹೋಯಿತು.

ಮಗು ಒಂದು ಬೆರಳಿನಿಂದ ತಟ್ಟೆಯ ಅಂಚನ್ನು ಮುಟ್ಟಿತು.

"ಅಮ್ಮಾ, ಹುಳ ಎದ್ದಾಗ ಅವರಮ್ಮ ಎಲ್ಲೋಗಿರ್ತಾಳೆ?"