ಬೇಳೆ ಡಬ್ಬಿಯ ಹಿಂದಿನ ಕವರು

ಸುಗಂಧಿ ಬಂಗುಡೆ ಮೀನಿನ ಕಿವಿರು ತೆಗೆಯುತ್ತಿದ್ದಳು. ಸ್ಕೂಬಾ ಕ್ಲಬ್ಬಿಗೆ ಅರ್ಜಿ ಬರೆದು ಅಂಚೆಗೆ ಹಾಕೆಂದು ಅಮ್ಮ ಕೊಟ್ಟ ಕವರು ನಾಲ್ಕು ತಿಂಗಳಿಂದ ಬೇಳೆ ಡಬ್ಬಿಯ ಹಿಂದೆಯೇ ಇತ್ತು. ಹೋದ ವರ್ಷ ಒಮ್ಮೆ ಸ್ಕೂಬಾ ಮಾಡಿ ಬಂದಾಗಿನಿಂದ ಅಮ್ಮನಿಗೆ ಅದೇ ಹುಚ್ಚು. ಅರವತ್ತು ದಾಟಿದವಳು ಕಡಲ ತಳಕ್ಕಿಳಿದು ಮೇಲೆ ಬಾರದಿದ್ದರೆ ಎಂಬ ಹೆದರಿಕೆ ಮಗಳಿಗೆ.

"ಕ್ಲಬ್ಬಿನವರ ಉತ್ತರ ಬಂತಾ?" ಅಮ್ಮ ಬಾಗಿಲಿಗೂ ಒಲೆಗೂ ಓಡಾಡುತ್ತ ಕೇಳಿದಳು. "ಮಳೆ ಹಿಡಿದ್ರೆ ನೀರಿಗೇ ಬಿಡೂದಿಲ್ಲ."

"ಇಲ್ಲ. ಅಲ್ಲಮ್ಮ, ನೀನು ಆಟೋ ಹತ್ತೂದು ಬಿಟ್ಟೆ, ಎಲೆಯಡಿಕೆ ಬಿಟ್ಟೆ, ಟೀವಿ ಕನೆಕ್ಷನ್ನೂ ತೆಗೆಸಿದೆ. ಇಷ್ಟೆಲ್ಲ ದುಡ್ಡು ಉಳಿಸಿದ್ದು ಮೀನು ನೋಡೂಕಾ? ದಿನಾ ಬುಟ್ಟೀಲಿ ಬಾಗಿಲಿಗೇ ಬರ್ತವಲ್ಲ!"

"ಅವು ಸತ್ತ ಮೀನು ಮಾರಾಯ್ತಿ. ಒಬ್ಬಳಿಗಾದ್ರೆ ಎಲೆಯಡಿಕೆ ಬಿಟ್ಟಿದ್ದೇ ಸಾಕಿತ್ತು. ಇದು ಇಬ್ಬರ ಖರ್ಚು."

"ಇಬ್ಬರದಾ?"

"ಈ ಸಲ ಜೊತೆಗಾರರನ್ನ ನಾವೇ ಕರ್ಕೊಂಡು ಹೋಗಬೇಕಂತೆ."

"ನಿನ್ನ ಜೊತೆ ಮುಳುಗುವ ಮಳ್ಳಿ ಯಾರು?"

"ಅರ್ಜೀಲಿ ಬರೆದಿದ್ದೆನಲ್ಲ" ಎನ್ನುತ್ತ ಅಮ್ಮ ಹಿತ್ತಲಿಗೆ ನಡೆದಳು.

ಸುಗಂಧಿ ಕೈ ತೊಳೆದು ಕವರು ಬಿಚ್ಚಿದಳು. ಓದಿದವಳೇ ಅನ್ನದಗುಳು ಹಚ್ಚಿ ಮತ್ತೆ ಅಂಟಿಸಿ, ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿ, ಅಮ್ಮನ ಹೆಸರಿನ ಕೆಳಗೆ ತನ್ನದೇ ಹೆಸರಿದ್ದ ಆ ಅರ್ಜಿಯನ್ನು ಅಂಚೆ ಡಬ್ಬಿಗೆ ಹಾಕಿದಳು.